ಹಿಂದೆ ಆಂಬ್ಯುಲೆನ್ಸ್ ಬರ್ತದಾ?

ನಾನು ಯಾವುದಕ್ಕೆ ಹೆದರಿ ಓಡ್ತೇನೋ, ಸೀದಾ ಹೋಗಿ ಅದಕ್ಕೇ ಡಿಕ್ಕಿ ಹೊಡೀತೇನೆ. ಒಂದು ಸಲ ಅಲ್ಲ, ಪ್ರತಿ ಸಲ. ಅದು ಹಣೆಬರಹ ಅಂತಾಳೆ ಅಮ್ಮಿ. ನನ್ನ ಹೆಂಡತಿ ಅದಕ್ಕೆ ಬೇರೆ ಹೆಸರು ಇಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯೋದು ಬೇಡ.

ಶಿರಸಿಯಲ್ಲಿ ನನ್ನದೊಂದು ಟೆಂಪೊ ಇದೆ. ಹಳ್ಳಿಯಿಂದ ಅಡಿಕೆ ಮೂಟೆ ಪೇಟೆಗೆ, ಪೇಟೆಯಿಂದ ಗೊಬ್ಬರ, ಸಿಮೆಂಟು ಹಳ್ಳಿಗೆ. ನಮ್ಮ ಅಣ್ಣನೂ ಇದೇ ಕೆಲಸ ಮಾಡ್ತಿದ್ದ. ಒಂದು ಮಧ್ಯಾಹ್ನ "ಸ್ವಲ್ಪ ಗ್ಯಾಸು" ಅಂದವನು ಗಾಡಿ ಬದಿಗೆ ಹಾಕಿ, ಸ್ಟೇರಿಂಗ್ ಮೇಲೆ ತಲೆ ಇಟ್ಟು, ಹಾಗೇ ಹೋಗಿಬಿಟ್ಟ. ಈಗ ನನಗೆ ಅವನ ಆಗಿನ ವಯಸ್ಸು. ಎಡಗೈಗೆ ಸೊಳ್ಳೆ ಕಚ್ಚಿದರೂ ನನಗೆ ಎದೆ ಧಸಕ್ ಅಂತದೆ.

ಡಾಕ್ಟರು ಎರಡು ಮಾತು ಹೇಳಿದರು. ಇಸಿಜಿ ಮಾಡಿಸು, ದಿನಾ ಓಡು. ಇಸಿಜಿಗೆ ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮಾಡಿಸಿ ಏನಾದರೂ ಸಿಕ್ಕಿಬಿಟ್ಟರೆ? ಓಡೋದಕ್ಕೆ ಒಪ್ಪಿದೆ. ಆದರೆ ಒಬ್ಬನೇ ಓಡುವಾಗ ಬಿದ್ದರೆ ಎತ್ತುವವರು ಯಾರು? ಆಗ ಗೊತ್ತಾಯಿತು, ಫೀ ಕಟ್ಟಿ ಓಡುವ ಓಟಗಳಲ್ಲಿ ಎಲ್ಲರ ಹಿಂದೆ ಒಂದು ಆಂಬ್ಯುಲೆನ್ಸ್ ಬರ್ತದಂತೆ. ಬೇರೆಯವರು ಟೀಶರ್ಟು ಕೊಡ್ತಾರಾ, ಮೆಡಲ್ ಕೊಡ್ತಾರಾ ಅಂತ ವಿಚಾರಿಸ್ತಾರೆ. ನಾನು ಕೇಳೋದು ಒಂದೇ, "ಹಿಂದೆ ಆಂಬ್ಯುಲೆನ್ಸ್ ಬರ್ತದಾ?"

ಮೊದಲ ಸಲ ಫೀ ಕಟ್ಟಿ ಬಂದಾಗ ಹೆಂಡತಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಓಡ್ಲಿಕ್ಕೂ ದುಡ್ಡಾ? ನಮ್ಮ ಗಲ್ಲಿ ನಾಯಿ ಬಿಟ್ಟಿ ಓಡಿಸ್ತದಲ್ಲ!"

ಓಡಿಹೋದ

ಓಟದ ಮೊದಲು ಅಭ್ಯಾಸ ಬೇಕಲ್ಲ. ಮತ್ತಿಘಟ್ಟದ ಒಬ್ಬ ಹೆಗಡೇರ ಅಡಿಕೆಯನ್ನು ಸಂಜೆ ಟೆಂಪೊಗೆ ತುಂಬಿ ತಂದು, ಮನೆ ಹಿಂದೆ ನಿಲ್ಲಿಸಿದ್ದೆ. ಬೆಳಿಗ್ಗೆ ಪೇಟೆ ತೆರೆದ ಮೇಲೆ ಇಳಿಸುವುದು ಅಂತ ಮಾತು. ನಸುಕಿನಲ್ಲಿ ಎದ್ದವನು ಮೊಬೈಲು ಮನೆಯಲ್ಲೇ ಬಿಟ್ಟು ಹುಲೇಕಲ್ ರಸ್ತೆಯಲ್ಲಿ ಓಡಲಿಕ್ಕೆ ಹೋದೆ.

ಅಷ್ಟರಲ್ಲಿ ಹೆಗಡೇರ ಫೋನು. ಎತ್ತಿದ್ದು ಅಮ್ಮಿ.

"ಮಗ ಎಲ್ಲಿದ್ದ?" ಅಂತ ಅವರು.

"ಅವ ಬೆಳಿಗ್ಗೇನೇ ಓಡಿಹೋದ" ಅಂತ ಇವಳು.

"ಓಡಿಹೋದ್ನಾ! ಎಲ್ಲಿಗೆ?"

"ಯಾರಿಗೆ ಗೊತ್ತು? ಎಲ್ಲಿಗೆ ಅಂತ ಹೇಳಿ ಹೋಗೂದಿಲ್ಲ. ಹೆಂಡತಿಗೂ ಹೇಳೂದಿಲ್ಲ."

ವರ್ಷದ ಬೆಳೆ ಪೂರ್ತಿ ಓಡಿಹೋದವನ ಗಾಡಿಯಲ್ಲಿದೆ! ಪಾಪ, ಹೆಗಡೇರ ಜೀವ ಅಲ್ಲಿಯೇ ಅರ್ಧ ಹೋಯಿತು. ತಮ್ಮನನ್ನು ಹಿಂದೆ ಕೂರಿಸಿಕೊಂಡು, ಇಬ್ಬರೂ ಹೆಲ್ಮೆಟ್ ಹಾಕಿ, ಬೈಕ್ ಹತ್ತಿ ಹುಡುಕಲು ಹೊರಟರು. ಹುಲೇಕಲ್ ರಸ್ತೆಯ ಒಂದು ತಿರುವಿನಲ್ಲಿ ಚಡ್ಡಿ ಹಾಕಿಕೊಂಡು ಓಡುತ್ತಿರುವ ನಾನು ಕಂಡೆ. "ಹಿಡಿ ಅವನ್ನ!" ಅಂತ ಹಿಂದಿನಿಂದ ಕೂಗಿದರು. ಮುಖ ಕಾಣದ ಇಬ್ಬರು, ನಿರ್ಜನ ರಸ್ತೆ. ದರೋಡೆಯೇ ಅಂತ ನಾನು ಬೇಲಿ ಹಾರಿದೆ, ಯಾರದೋ ಗದ್ದೆ ದಾಟಿದೆ, ಹೇಗೆ ಮನೆ ಮುಟ್ಟಿದೆನೋ ಅಲ್ಲಾಗೇ ಗೊತ್ತು. ಅಂಥ ಓಟ ಅದರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅವರು ನಮ್ಮ ಮನೆಗೆ ಬಂದು, ತಾಡಪಾಲು ಎತ್ತಿ, ಮೂಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ ಮೇಲೆ ಉಸಿರು ಬಿಟ್ಟರು. ಅಮ್ಮಿ ಚಾ ಕೊಟ್ಟಳು. ಚಾ ಕುಡಿದು ಹೆಗಡೇರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು, "ತಮಾ, ಓಡಿಹೋಗು, ಅಡ್ಡಿಲ್ಲೆ. ಮೊದಲು ಅಡಿಕೆ ಇಳಿಸು, ಆಮೇಲೆ ಓಡಿಹೋಗು."

ಸಹಿ

ಸಿದ್ದಾಪುರದ ಓಟಕ್ಕೆ ಹೆಸರು ಕೊಡುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಓಡುವಾಗ ನನಗೆ ಏನೇ ಆದರೂ, ಜೀವವೇ ಹೋದರೂ, ಸಂಘಟಕರು ಹೊಣೆಯಲ್ಲ ಅಂತ. ನಾನು ಹಾಕಿದ ಸಹಿ ನನ್ನದರ ಹಾಗೆ ಕಾಣಲೇ ಇಲ್ಲ. ಎದೆಗೆ ಕಟ್ಟಿಕೊಳ್ಳುವ ನಂಬರಿನ ಹಿಂಬದಿಯಲ್ಲೂ ಬರೆದಿದ್ದರು, ತುರ್ತಿಗೆ ಯಾರಿಗೆ ತಿಳಿಸಬೇಕು? ಹೆಂಡತಿಯ ನಂಬರು ಬರೆದೆ.

ಮನೆಯಲ್ಲಿ ಅವಳು ಆ ಕಾಗದದ ಪ್ರತಿ ನೋಡಿದಳು. "ದುಡ್ಡೂ ನೀವೇ ಕೊಡೋದು, ಸತ್ತರೆ ಹೊಣೆಯೂ ನೀವೇನಾ?"

"ಎಲ್ಲರೂ ಬರೆದುಕೊಡ್ತಾರೆ ಮಾರಾಯ್ತಿ, ಅದು ನಿಯಮ."

ಅವಳು ಆ ಕಾಗದವನ್ನು ಇನ್ನೊಂದು ಸಲ ಓದಿ ನಿಟ್ಟುಸಿರು ಬಿಟ್ಟಳು. "ನಿಕಾಹ್ ದಿನ ನಮ್ಮ ಅಬ್ಬನಿಗೂ ಇಂಥದ್ದೊಂದು ಬರೆಸಿಕೊಳ್ಳುವ ಬುದ್ಧಿ ಬರಲಿಲ್ಲ."

ಹಸಿ ಲಾಟು

ಸಿದ್ದಾಪುರದಲ್ಲಿ ಸಾಯಲಿಲ್ಲ. ಕೊನೆಯವನಾಗಿ ಬಂದೆ, ಅಷ್ಟೆ. ಆದರೆ ಅಂದೇ ಶಿರಸಿ ಪೇಟೆಯಲ್ಲಿ ಮೂಟೆ ಇಳಿಸುವುದಿತ್ತು. ಬಟ್ಟೆ ಬದಲಿಸಲಿಕ್ಕೂ ಪುರಸೊತ್ತಿಲ್ಲದೆ ಬೆವರಿನಲ್ಲೇ ಬಂದು, ಅಡಿಕೆ ರಾಶಿಯ ಪಕ್ಕ ಗೋಡೆಗೊರಗಿ ಕೂತೆ. ಕೂತಲ್ಲೇ ಕಣ್ಣು ಹತ್ತಿತು.

ಅಲ್ಲಿ ಮಾರಾಟಕ್ಕೆ ಇಟ್ಟ ಪ್ರತಿ ರಾಶಿಗೂ ಒಂದು ಲಾಟ್ ನಂಬರು. ವ್ಯಾಪಾರಿಗಳು ನಂಬರು ನೋಡಿ, ಮಾಲು ಮುಟ್ಟಿ ದರ ಹಾಕ್ತಾರೆ. ಯಾರೋ ನನ್ನ ತೋಳು ಹಿಚುಕಿದಂತಾಯಿತು. ಎಡಗೈ! ಬಂತು, ಇದೇ ಅದು, ಅಣ್ಣನಿಗೆ ಬಂದದ್ದೇ ಬಂತು ಅಂತ ಕೊನೆಗಳಿಗೆಯ ಕಲ್ಮಾ ಹೇಳಲು ಶುರು ಮಾಡಿದೆ. ಕಣ್ಣು ಬಿಟ್ಟರೆ ವಯಸ್ಸಾದ ವ್ಯಾಪಾರಿ ಭಟ್ಟರು, ನನ್ನ ಎದೆಯ ನಂಬರು ನೋಡುತ್ತ, ಒದ್ದೆ ತೋಳನ್ನು ಮತ್ತೊಮ್ಮೆ ಹಿಚುಕಿ, ಪಕ್ಕದವರಿಗೆ ಹೇಳ್ತಿದ್ದರು:

"ಈ ಲಾಟು ಇನ್ನೂ ಹಸಿ ಇದ್ದು. ಒಣಗಲಿ, ಆಮೇಲೆ ದರ ಹಾಕನ."

ನಾ ಹಿಂದ ಅದೀನಿ

ಯಲ್ಲಾಪುರದ ಓಟ ಉಮ್ಮಚಗಿ ಕಡೆಯ ರಸ್ತೆಯಲ್ಲಿತ್ತು. ಎರಡೂ ಬದಿ ಕಾಡು. ಎಲ್ಲರೂ ಮುಂದೆ ಹೋಗಿ, ಕೊನೆಗೆ ಉಳಿದದ್ದು ನಾನು, ನನ್ನ ಬೆನ್ನಿಗೆ ಮೆಲ್ಲಗೆ ತೆವಳುವ ಆಂಬ್ಯುಲೆನ್ಸು. ಅದರ ಡ್ರೈವರು ಹಾವೇರಿ ಕಡೆಯವರು, ದೊಡ್ಡ ಮೈ, ದೊಡ್ಡ ಮೀಸೆ. ಜೊತೆಗಿದ್ದ ನರ್ಸು ಯಾರದೋ ಮೊಣಕಾಲಿಗೆ ಪಟ್ಟಿ ಕಟ್ಟಲಿಕ್ಕೆ ಹಿಂದೆಯೇ ಇಳಿದುಬಿಟ್ಟಿದ್ದರು. ನಾನು ನಿಂತಾಗಲೆಲ್ಲ ಈ ಮನುಷ್ಯ ಕಿಟಕಿಯಿಂದ ತಲೆ ಹಾಕಿ ಕೂಗೋದು, "ಅಂಜಬ್ಯಾಡ್ರಿ ಸಾಹೇಬ್ರ! ಬಿದ್ರ ಬೀಳ್ರಿ, ನಾ ಹಿಂದ ಅದೀನಿ!"

ಕೊಟ್ಟ ಫೀ ಸಾರ್ಥಕ ಅನ್ನಿಸಿತು ನನಗೆ.

ಸ್ವಲ್ಪ ದೂರ ಹೋದ ಮೇಲೆ ಕೂಗು ನಿಂತಿತು. ತಿರುಗಿ ನೋಡಿದರೆ ಆಂಬ್ಯುಲೆನ್ಸು ಬದಿಗೆ ನಿಂತಿದೆ. ಹತ್ತಿರ ಹೋದೆ. ಚಳಿಯಲ್ಲೂ ಆ ಮನುಷ್ಯನ ಹಣೆ ಬೆವರಿತ್ತು, ಮುಖ ಬಿಳಿಚಿತ್ತು, ಎಡ ಹೆಗಲನ್ನು ತಿಕ್ಕಿಕೊಳ್ಳುತ್ತಿದ್ದರು.

"ಏನಿಲ್ರಿ. ಮುಂಜಾನೆ ಮಿರ್ಚಿ ತಿಂದೀನಿ, ಗ್ಯಾಸ್ ಆಗೇತಿ."

ಗ್ಯಾಸು. ಎಷ್ಟು ವರ್ಷದಿಂದ ದಿನಾ ಕನ್ನಡಿ ಮುಂದೆ ನಿಂತು ನನ್ನ ಮೈಯಲ್ಲಿ ಹುಡುಕುತ್ತಿದ್ದ ಲಕ್ಷಣಗಳೆಲ್ಲ ಈ ಮನುಷ್ಯನ ಮೈಮೇಲೆ ಸಾಲಾಗಿ ಕೂತಿವೆ. "ಸರೀರಿ ಅಣ್ಣಾ ಆಚೆ" ಅಂದೆ. ಯಾಕೆ ಅಣ್ಣಾ ಅಂದೆನೋ, ಬಾಯಿಗೆ ಹಾಗೇ ಬಂತು. ಅವರನ್ನು ಪಕ್ಕದ ಸೀಟಿಗೆ ದಬ್ಬಿ ಸ್ಟೇರಿಂಗ್ ಹಿಡಿದೆ. ಸೈರನ್ ಒತ್ತಲು ಹೋಗಿ ವೈಪರ್ ಶುರುವಾಯಿತು. ಆಮೇಲೆ ಸೈರನ್ನೂ ಸಿಕ್ಕಿತು. ದಾರಿಯುದ್ದಕ್ಕೂ ಓಡುವವರನ್ನೆಲ್ಲ ಹಿಂದೆ ಹಾಕಿದೆ. "ಏ, ಕೊನೆಯವ ಗಾಡೀಲಿ ಬಂದ್ನಪ್ಪೋ!" ಅಂತ ಅವರು ಶಿಳ್ಳೆ ಹೊಡೆದರು. ನನಗೆ ಅಳು.

ಆಸ್ಪತ್ರೆ ಬಾಗಿಲಲ್ಲಿ ನಾಲ್ಕಾರು ಮಂದಿ ಸ್ಟ್ರೆಚರ್ ತಂದು ನನ್ನನ್ನೇ ಎತ್ತಿ ಮಲಗಿಸಿದರು. ಎದೆ ಮೇಲೆ ನಂಬರು, ಮೈಯೆಲ್ಲ ಬೆವರು, ಗಡಗಡ ನಡುಕ. ಪೇಷಂಟಿಗೆ ಇನ್ನೇನು ಬೇಕು?

"ನಾನಲ್ಲ! ಡ್ರೈವರ್, ಡ್ರೈವರ್!" ಅಂತ ಬೊಬ್ಬೆ ಹೊಡೆದೆ.

"ಡ್ರೈವರ್ ಗಾಡಿ ಹತ್ತಿರ ಇದ್ದಾರೆ, ನೀವು ಮಾತಾಡಬೇಡಿ."

"ಗಾಡಿ ಓಡಿಸಿದ್ದು ನಾನು!"

"ಭ್ರಮೆ ಶುರುವಾಗಿದೆ, ಬೇಗ ಬೇಗ" ಅಂದರು ಒಬ್ಬರು. ಕ್ಷಣದಲ್ಲಿ ಎದೆಗೆ ವಯರುಗಳು ಅಂಟಿದವು. ನಾನು ಇಷ್ಟು ವರ್ಷ ಯಾವ ಮೆಷಿನ್ನಿನಿಂದ ತಪ್ಪಿಸಿಕೊಂಡು ಓಡಿದೆನೋ, ಅದರ ಕೆಳಗೇ ಕೈಕಾಲು ಹಿಡಿಸಿಕೊಂಡು ಮಲಗಿದ್ದೆ. ಕಣ್ಣು ಮುಚ್ಚಿ ಅಣ್ಣನನ್ನು ನೆನೆದೆ. ಪುಣ್ಯಕ್ಕೆ ಹೊರಗೆ ಯಾರೋ ನಿಜವಾದ ಪೇಷಂಟನ್ನು ಕಂಡು ಅವರನ್ನೂ ತಂದು ಪಕ್ಕದ ಮಂಚಕ್ಕೆ ಹಾಕಿದರು.

ಡಾಕ್ಟರು ನನ್ನ ಇಸಿಜಿ ಕಾಗದ ಎತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಯಾರದ್ದು ಇದು? ಇದರಲ್ಲಿ ಏನೂ ಇಲ್ಲವಲ್ಲ! ಗಟ್ಟಿ ಹೃದಯ."

ನಾನು ಜೋರಾಗಿ ಅತ್ತುಬಿಟ್ಟೆ. ಆ ಡ್ರೈವರಣ್ಣನದ್ದು ಮಾತ್ರ ಗ್ಯಾಸಾಗಿರಲಿಲ್ಲ. ಔಷಧ ಕೊಟ್ಟು ಹುಬ್ಬಳ್ಳಿಗೆ ಕಳಿಸಿದರು, ಜೀವ ಉಳಿಯಿತು.

ಎರಡು ದಿನ ಬಿಟ್ಟು ಸಂಘಟಕರ ಫೋನು. "ನೀವು ಅರ್ಧದಲ್ಲಿ ಗಾಡಿ ಹತ್ತಿದ್ದೀರಿ, ಮೆಡಲ್ ಬರೋದಿಲ್ಲ." ಹೆಂಡತಿ ಫೋನು ಕಸಿದುಕೊಂಡಳು. "ಮೆಡಲ್ ನೀವೇ ಇಟ್ಕೊಳ್ಳಿ. ಮುಂದಿನ ಓಟಕ್ಕೆ ಇವರ ಫೀ ಎಲ್ಲಿ ಕಟ್ಟಬೇಕು ಹೇಳಿ."

ಮುಂದಿನ ಓಟದ ಬೆಳಿಗ್ಗೆ ಯಾರೋ ಬೆನ್ನು ತಟ್ಟಿದರು. ನೋಡಿದರೆ ಅದೇ ಮೀಸೆ. ಮೈ ಅರ್ಧ ಇಳಿದಿದೆ, ಎದೆ ಮೇಲೆ ನಂಬರು.

"ಸಾಹೇಬ್ರ, ಇಷ್ಟು ದಿನ ನಾ ಗಾಡಿ ಓಡಸ್ತಿದ್ದೆ. ಈಗ ಡಾಕ್ಟರು ನನ್ನ ಓಡಸಾಕತ್ತಾರ."

ಖುಷಿಯಾಯಿತು. ಮರುಕ್ಷಣವೇ ಎದೆ ಧಸಕ್ ಅಂದಿತು. "ಮತ್ತೆ ಆಂಬ್ಯುಲೆನ್ಸ್ ಯಾರು ಓಡಿಸ್ತಾರೆ?"

ಅವರು ಹಿಂದೆ ತಿರುಗಿ ಆಂಬ್ಯುಲೆನ್ಸಿನ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಯಾರೋ ಹೊಸಾಂವ ಅದಾನ್ರಿ. ನಂಗ ನಂಬಿಕಿ ಇಲ್ಲ. ನೀವು ನನ್ನ ಹಿಂದ ಬರ್ರಿ."