ಬಿಸ್ಕತ್ ಡಬ್ಬದಲ್ಲಿ ಬಂದ ಸವತಿ

ನಿಮ್ಮ ಯಜಮಾನರು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಇನ್ನೊಬ್ಬಳಿಗೆ ಮನಸೋತರೆ ನೀವೇನು ಮಾಡುತ್ತೀರಿ? ಅದೂ ಅವಳು ಸತ್ತು ನೂರು ವರ್ಷವಾಗಿದ್ದರೆ? ಜಡೆ ಹಿಡಿದು ಜಗಳವಾಡೋಣವೆಂದರೆ ಜಡೆಯೂ ಮಣ್ಣಾಗಿದೆ!

ತಪ್ಪು ನನ್ನದೇ. ನಾವೀಗಿರುವ ಪರದೇಶದ ಊರು ಅತ್ಲೋನಿನ ಹಳೇ ಸಾಮಾನಿನ ಅಂಗಡಿಯಲ್ಲಿ ಚಕ್ಕುಲಿ ತುಂಬಿಡಲೆಂದು ಒಂದು ಬಿಸ್ಕತ್ ಡಬ್ಬ ಕೊಂಡೆ. ಮನೆಗೆ ಬಂದು ಮುಚ್ಚಳ ತೆಗೆದರೆ ಒಳಗೆಲ್ಲ ಕಪ್ಪುಬಿಳುಪು ಫೋಟೋಗಳು. ಸ್ಕಾಟ್ಲೆಂಡಿನ ಕಡಲತೀರದ ಒಂದು ಹಳ್ಳಿಯವು. ಪಿಟನ್‌ವೀಮ್ ಎಂದು ಅದರ ಹೆಸರು. ಅದನ್ನು ಹೇಳಲು ಹೋಗಿ ನನ್ನ ಹಲ್ಲುಸೆಟ್ಟು ಎರಡು ಸಲ ಜಾರಿದೆ. ಬಿಸಾಡಲು ಹೊರಟೆ.

"ಇವಳೇ, ತಡಿ!" ಅಂದರು ನಮ್ಮವರು.

ಅಲ್ಲಿಗೆ ಮುಗಿಯಿತು ನನ್ನ ಸಂಸಾರ. ಚಕ್ಕುಲಿ ಇವತ್ತಿಗೂ ಪ್ಲಾಸ್ಟಿಕ್ ಕವರಿನಲ್ಲಿದೆ.

ನಮ್ಮವರು ಸರ್ವೆ ಇಲಾಖೆಯಲ್ಲಿದ್ದವರು, ಊರೂರಿನ ಹೊಲದ ಬದು ಅಳೆದವರು. ಮಗಳು ಇಲ್ಲಿ ಆಸ್ಪತ್ರೆಯಲ್ಲಿ ಡಾಕ್ಟರು. ಅವಳ ಜೊತೆ ಇರಲು ಬಂದ ಮೇಲೆ ಅಳೆಯಲು ಏನೂ ಸಿಗದೆ ಒದ್ದಾಡುತ್ತಿದ್ದರು. ಈಗ ಭೂತಗನ್ನಡಿ ಹಿಡಿದು ಕೂತರೆಂದರೆ ಮುಗಿಯಿತು. "ನೆರಳು ಹಿಂಗೆ ಬಿದ್ದೈತೆ ಅಂದ್ರೆ ಬೆಳಿಗ್ಗೆ ಹತ್ತು ಗಂಟೆ. ಚಿಮಣಿ ಇಲ್ಲೈತೆ ಅಂದ್ರೆ ಬಂದರು ಅದರ ಹಿಂದೆ." ನನ್ನ ಮೂಗಿನ ಮೇಲೆ ಹೊಸ ಕನ್ನಡಕ ಬಂದು ಹದಿನೈದು ದಿನವಾಯಿತು. ಅದು ಮಾತ್ರ ಆ ಕಣ್ಣಿಗೆ ಬಿದ್ದಿಲ್ಲ!

ಆ ಹಳ್ಳಿಯ ಚರಿತ್ರೆಯ ಹುಚ್ಚು ಹತ್ತಿದವರ ಗುಂಪೊಂದು ಆನ್‌ಲೈನಿನಲ್ಲಿದೆ. ಯಾರಾದರೂ ಹಳೇ ಫೋಟೋ ಹಾಕಿ "ಇದು ಯಾವ ಬೀದಿ?" ಎಂದರೆ, ಅಲ್ಲೇ ಹುಟ್ಟಿ ಬೆಳೆದವರಿಗಿಂತ ಮೊದಲು ಇವರ ಉತ್ತರ ಹೋಗಿರುತ್ತದೆ. ಒಬ್ಬಾಕೆ ಕೇಳಿದಳಂತೆ, "ನೀವು ಊರು ಬಿಟ್ಟು ಎಷ್ಟು ವರ್ಷವಾಯಿತು?" ಇವರು ಬರೆದರು: "ಇನ್ನೂ ಬಂದೇ ಇಲ್ಲ."

ಮೊಮ್ಮಗಳು ಪಾಪ, "ಇಟ್ಸ್ ಓನ್ಲಿ ಎ ಫೆರಿ, ತಾತ. ವಿಲ್ ವಿ ಗೋ?" ಎಂದು ಕೇಳಿದಳು.

"ಬೇಡ ಕಂದಾ. ನಂಗೊತ್ತಿರೋದು ಹಳೇ ಊರು. ಈಗ ಹೋದ್ರೆ ದಾರಿ ತಪ್ತೀನಿ."

ಇದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಅವಳನ್ನು. ಒಂದು ಫೋಟೋದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಸೊಂಟಕ್ಕೆ ಮೀನಿನ ಬುಟ್ಟಿ, ಮೊಣಕೈವರೆಗೆ ಮಡಚಿದ ತೋಳು, ಮುಖದಲ್ಲಿ ನಗುವಿನ ಸುಳಿವಿಲ್ಲ. ಫೋಟೋದ ಹಿಂದೆ ಏನೂ ಬರೆದಿಲ್ಲ. ಅವಳ ಹೆಸರು ಪತ್ತೆ ಮಾಡಲು ಇವರು ಮೂರು ತಿಂಗಳಿಂದ ಪಡದ ಪಾಡಿಲ್ಲ. ಅಲ್ಲಿನ ಚರ್ಚಿಗೆ ಪತ್ರವಂತೆ, ಗುಂಪಿಗೆ ದಿನಕ್ಕೊಂದು ಪ್ರಶ್ನೆಯಂತೆ! ತುತ್ತು ಕೈಯಲ್ಲಿ ಹಿಡಿದು, "ಪಾಪ, ಏನಿತ್ತೋ ಹೆಸರು" ಎಂದು ನಿಟ್ಟುಸಿರು ಬೇರೆ.

ನಲವತ್ತೊಂಬತ್ತು ವರ್ಷದಿಂದ ನನ್ನನ್ನು "ಇವಳೇ" ಎಂದಲ್ಲದೆ ಇನ್ನೇನೂ ಕರೆಯದ ಗಂಡಸು ಇವರು! ಮದುವೆಯ ದಿನ ಹೆಂಗಸರೆಲ್ಲ ಹೊಸಿಲಿಗೆ ಅಡ್ಡ ನಿಂತು, "ಹೆಂಡ್ತಿ ಹೆಸರು ಹೇಳಿದ್ರೇನೇ ಒಳಗೆ" ಎಂದಾಗ ಒಂದು ಸಲ ಗೊಣಗಿದ್ದರು. ಅದೂ ನನಗೆ ಕೇಳಿಸಲಿಲ್ಲ. ವಾಲಗದವನಿಗೆ ಕೇಳಿಸಿತಂತೆ.

ಹೊಟ್ಟೆಕಿಚ್ಚು ಅಂದಿರಾ? ಹೌದು ಕಣ್ರೀ, ಹೊಟ್ಟೆಕಿಚ್ಚೇ! ಅದರ ಮೇಲೆ ಎರಡು ಸೇರು ಬೇಳೆ ಬೇಯಿಸಬಹುದು. ಮೊಮ್ಮಗಳು ಹೇಳಿಕೊಟ್ಟ ಹಾಗೆ ಮೊಬೈಲಿನಲ್ಲಿ ಒಂದೇ ಬೆರಳಲ್ಲಿ ಇದನ್ನು ಕುಟ್ಟುತ್ತಿದ್ದೇನೆ. ಆ ಮೀನಿನ ಬುಟ್ಟಿಯವಳ ಸುದ್ದಿ ಬಂದರೆ ಬೆರಳೂ ಓಡುತ್ತದೆ.

ಹೋದ ಸೋಮವಾರ ಅವರು ವಾಕಿಂಗ್ ಹೋದ ಹೊತ್ತಿಗೆ ಅವಳನ್ನು ಅಕ್ಕಿ ಡಬ್ಬದೊಳಗೆ ಹೂತುಬಿಟ್ಟೆ. ಬಂದವರೇ ಮನೆಯೆಲ್ಲ ತಡಕಾಡಿದರು.

"ಇವಳೇ, ಆ ಬುಟ್ಟಿಯಮ್ಮನ್ನ ನೋಡಿದ್ಯಾ?"

"ನಂಗೇನ್ರೀ ಗೊತ್ತು? ಮೀನು ಮಾರಕ್ಕೆ ಹೋಗಿರ್ಬೇಕು!"

ಡಬ್ಬ ತೆರೆದರೆ ಗುಟ್ಟು ರಟ್ಟಾದೀತೆಂದು ಮೂರು ದಿನವೂ ಚಪಾತಿ ಲಟ್ಟಿಸಿದೆ. "ಆರ್ ಯು ಗ್ರ್ಯಾಂಡ್, ಅಜ್ಜಿ?" ಎಂದು ಇಲ್ಲಿಯವರ ಧಾಟಿಯಲ್ಲಿ ಹುಷಾರು ಕೇಳುತ್ತಾ ಮೊಮ್ಮಗಳು ನನ್ನ ಹಣೆ ಮುಟ್ಟಿ ನೋಡಿದಳು.

ಗುರುವಾರ, ಇನ್ನೆಷ್ಟು ಜನ ಸವತಿಯರಿದ್ದಾರೋ ನೋಡೇಬಿಡೋಣವೆಂದು ಬಿಸ್ಕತ್ ಡಬ್ಬ ಕೆದಕಿದೆ. ತಳದಲ್ಲಿ ಒಂದು ಬಣ್ಣದ ಫೋಟೋ. ಬಾಗಿಲಲ್ಲಿ ಒಬ್ಬಳು ನಿಂತಿದ್ದಾಳೆ. ಸೊಂಟಕ್ಕೆ ಒದ್ದೆ ಬಟ್ಟೆಯ ಬುಟ್ಟಿ, ಸೀರೆಯ ಮೇಲೆ ಸ್ವೆಟರು, ಮಳೆ ಬಂದೀತೇನೋ ಎಂದು ಆಕಾಶದ ಕಡೆ ಹುಬ್ಬು ಗಂಟಿಕ್ಕಿದ್ದಾಳೆ. ಮೂಗಿನ ಮೇಲೆ ಹೊಸ ಕನ್ನಡಕ.

ನಾನು!

ತಿರುಗಿಸಿದೆ. ಹಿಂದೆ ಪೆನ್ಸಿಲಿನಲ್ಲಿ, ನಕ್ಷೆ ಬರೆದು ಪಳಗಿದ ಆ ದುಂಡು ಅಕ್ಷರದಲ್ಲಿ: ಅತ್ಲೋನ್, ಹಿತ್ತಲ ಬಾಗಿಲು, ಪೂರ್ವ ದಿಕ್ಕು, ಬೆಳಿಗ್ಗೆ ಹತ್ತು ಗಂಟೆ. ಅದರ ಕೆಳಗೆ ನನ್ನ ಹೆಸರು. ಪೂರ್ತಿ ಹೆಸರು. ನನ್ನ ತೌರೂರು, ಅಪ್ಪನ ಹೆಸರು, ಅಮ್ಮನ ಹೆಸರು ಸಮೇತ.

ಹೊಸ ಕನ್ನಡಕವಿದ್ದರೂ ಆಮೇಲಿನದು ಮಸುಕಾಯಿತು.

ಫೋಟೋ ಹಿಡಿದು ಅವರ ಮುಂದೆ ಹೋಗಿ ನಿಂತೆ. "ಏನ್ರೀ ಇದು?"

"ಆ ಯಮ್ಮನ ಫೋಟೋ ಹಿಂದೆ ಯಾರೂ ಬರೀಲಿಲ್ಲ. ಕಟ್ಕೊಂಡವನೂ ಬರೀಲಿಲ್ಲ. ನಾಳೆ ನಿನ್ನ ನೋಡಿ ಯಾರೂ 'ಇವಳ್ಯಾರೋ' ಅನ್ಬಾರ್ದು."

ಆದರೂ ಬಿಡುವವಳೇ ನಾನು? "ಬರ್ದಿದ್ದು ಇರ್ಲಿ. ಬಾಯ್ತುಂಬ ಒಂದ್ಸಲ ಕರೀರಿ, ನೋಡೋಣ!"

ಭೂತಗನ್ನಡಿಯನ್ನು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಅಂದರು: "ಕರೀತೀನಿ. ಮೊದ್ಲು ಆ ಯಮ್ಮನ್ನ ಅಕ್ಕಿ ಡಬ್ಬದಿಂದ ಈಚೆ ತೆಗಿ. ಮೂರು ದಿನದಿಂದ ಅವ್ಳಿಗೂ ಉಸಿರಿಲ್ಲ, ನಂಗೂ ಅನ್ನ ಇಲ್ಲ."