ಹಳದಿ ಮಗುವಿಗೆ ನೀಲಿ ದೀಪ

ಕತ್ತಲೆ ಕಂಡರೆ ಉಳಿದವರೆಲ್ಲ ಬೆಂಕಿಪೊಟ್ಟಣ ಹುಡುಕುತ್ತಿದ್ದರು, ದೇವದಾಸ್ ಮೀಸೆ ತಿರುವುತ್ತಿದ್ದ. ಬನಶಂಕರಿ ಎರಡನೇ ಹಂತದಲ್ಲಿ 'ದೇವದಾಸ್ ಲೈಟಿಂಗ್ಸ್' ಎಂದರೆ ಗೊತ್ತಿಲ್ಲದವರು ಇರಲಿಲ್ಲ. ಮದುವೆಯ ಚಪ್ಪರಕ್ಕೆ ಸೀರಿಯಲ್ ಸೆಟ್ಟು, ಗಣೇಶನ ಪೆಂಡಾಲಿಗೆ ಬಣ್ಣಬಣ್ಣದ ತಿರುಗುವ ಚಕ್ರ, ರಾಜ್ಯೋತ್ಸವದ ವೇದಿಕೆಗೆ ಫೋಕಸ್ ಲೈಟು, ಎಲ್ಲವೂ ಅವನ ಕೈಯಿಂದಲೇ ಬೆಳಗಬೇಕು. ಜೆ.ಪಿ. ನಗರದ ಒಂದು ರಿಸೆಪ್ಷನ್ನಿಗೆ ತಾನು ಹಾಕಿದ ದೀಪಗಳನ್ನು ನೋಡಿ ಪಕ್ಕದ ವಠಾರದ ಹುಂಜ ರಾತ್ರಿ ಊಟದ ಹೊತ್ತಿಗೇ ಕೂಗಿಬಿಟ್ಟಿತೆಂದು ಅವನು ಹೇಳುತ್ತಿದ್ದ. ಹುಂಜವನ್ನು ಕೇಳಿ ನೋಡಿದವರು ಯಾರೂ ಇಲ್ಲ.

ಇಂಥ ಜಗಜ್ಜ್ಯೋತಿಗೆ ಎಂಬತ್ತರ ದಶಕದ ಶುರುವಿನ ಒಂದು ಆಷಾಢದಲ್ಲಿ ಹೆಣ್ಣು ಮಗು ಹುಟ್ಟಿತು. ಜಯನಗರದ ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಸುಸೂತ್ರವಾಗಿ ಆಯಿತು. ಹೆಂಡತಿ ಗಿರಿಜಾ ಚೆನ್ನಾಗಿದ್ದಳು, ಮಗು ಚೆನ್ನಾಗಿತ್ತು. ಬಾಣಂತನ ಮಾಡಲು ಬೇಗೂರಿನಿಂದ ಬಂದಿಳಿದ ಅತ್ತೆ ಅಂಕಮ್ಮನ ಗಂಟಲಂತೂ ಬಹಳ ಚೆನ್ನಾಗಿತ್ತು. ಆದರೆ ಮನೆಗೆ ಹೊರಡುವ ದಿನ ನೋಡಿದರೆ ಮಗುವಿನ ಮುಖ ಹಳದಿ. ಯಾರೋ ಅಕ್ಕರೆಯಿಂದ ಅರಿಶಿನ ಹಚ್ಚಿದ್ದಾರೆಂದುಕೊಂಡು ದೇವದಾಸ್ ಕರವಸ್ತ್ರದಿಂದ ಮೆಲ್ಲಗೆ ಒರೆಸಿ ನೋಡಿದ. ಹೋಗಲಿಲ್ಲ. ಮಗು ಕಣ್ಣು ಬಿಟ್ಟಾಗ ಅಲ್ಲಿನ ಬಿಳುಪೂ ಹಳದಿಯೇ.

ಡಾಕ್ಟರ್ ಸೀತಾಲಕ್ಷ್ಮಿ ಮಗುವಿನ ಎದೆಯ ಮೇಲೆ ಬೆರಳೊತ್ತಿ, ಬಣ್ಣ ನೋಡಿ, ಇದು ಕಾಮಾಲೆ ಎಂದರು. ಹುಟ್ಟಿದ ಮಕ್ಕಳಲ್ಲಿ ತೀರಾ ಸಾಮಾನ್ಯ, ಗಾಬರಿ ಬೇಡ, ಹಾಗಂತ ಉದಾಸೀನವೂ ಬೇಡ ಎಂದು ಸಮಾಧಾನ ಹೇಳಿದರು. ಮೇಲಿಂದ ಮೇಲೆ ಹಾಲು ಕುಡಿಸಬೇಕು, ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ ಕುಡಿಸಬೇಕು. ಬೆಳಗಿನ ಎಳೆ ಬಿಸಿಲು ಸಿಕ್ಕರೆ ಸ್ವಲ್ಪ ಹೊತ್ತು ತೋರಿಸಬಹುದು. ಮಗು ಮಂಕಾದರೆ, ಹಾಲು ಬಿಟ್ಟರೆ, ತಕ್ಷಣ ಕರೆದುಕೊಂಡು ಬರಬೇಕು. ಇಲ್ಲವಾದರೆ ಶುಕ್ರವಾರ ಬಂದರೆ ಸಾಕು, ರಕ್ತ ಪರೀಕ್ಷೆ ಮಾಡೋಣ. ಅದರಲ್ಲಿ ಏರಿದ್ದು ಕಂಡರೆ ಮಾತ್ರ ದೊಡ್ಡಾಸ್ಪತ್ರೆಗೆ ಕಳಿಸಿ ನೀಲಿ ದೀಪದ ಕೆಳಗೆ ಮಲಗಿಸಬೇಕಾಗುತ್ತದೆ.

ಇಷ್ಟುದ್ದದ ಮಾತಿನಲ್ಲಿ ಗಿರಿಜಾಳ ಕಿವಿಗೆ ಬಿದ್ದದ್ದು ಹಾಲು. ಅಂಕಮ್ಮನ ಕಿವಿಗೆ ಬಿದ್ದದ್ದು ಬಿಸಿಲು. ದೇವದಾಸನಿಗೆ ಮಾತ್ರ ಕೊನೆಯ ವಾಕ್ಯದ ಆಚೆ ಈಚೆ ಏನೂ ಕೇಳಿಸಲೇ ಇಲ್ಲ. ನರ್ಸಿಂಗ್ ಹೋಮಿನ ಮೆಟ್ಟಿಲಿಳಿಯುತ್ತ ಅವನು ಎದೆ ಸೆಟೆಸಿ, "ದೀಪ ಅಂದ್ರೆ ನಮ್ ಡಿಪಾರ್ಟ್‌ಮೆಂಟು ಕಣೇ. ಊರಿಗೆಲ್ಲ ಬೆಳಕು ಕೊಡೋನು ನಾನು, ನನ್ನ ಮಗಳು ಬೆಳಕಿಗೋಸ್ಕರ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗ್ಬೇಕಾ?" ಎಂದ.

"ಮೊದ್ಲು ಆಟೋ ಕರೀರಿ" ಎಂದಳು ಗಿರಿಜಾ.

ಜಂಭ ಮೇಲಿನದು. ಅದರ ಕೆಳಗೆ ಅವನಿಗೆ ಜೀವವೇ ಹಾರಿಹೋಗಿತ್ತು. ಅವನ ಅಕ್ಕನ ಚೊಚ್ಚಲ ಮಗು ಹೀಗೇ ಹಳದಿಯಾಗಿ, ಹೀಗೇ ನಿದ್ದೆ ಮಾಡುತ್ತ ಮಾಡುತ್ತ ಉಳಿಯದೆ ಹೋಗಿತ್ತು. ಅಕ್ಕನಿದ್ದ ಹಳ್ಳಿಯಲ್ಲಿ ಆಗ ತೋರಿಸಲು ಡಾಕ್ಟರೇ ಇರಲಿಲ್ಲ. ಆ ವಿಷಯವನ್ನು ಅವನು ಗಿರಿಜಾಳಿಗೆ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಸುಮ್ಮನೆ ಕೂತರೆ ಅಕ್ಕನ ಮುಖ ನೆನಪಾಗುತ್ತಿತ್ತು, ಆದ್ದರಿಂದ ಸುಮ್ಮನೆ ಕೂರಬಾರದೆಂದು ತೀರ್ಮಾನಿಸಿದ.

ಮೊದಲು ಬಿಸಿಲಿನ ಬೇಟೆ. ಆಷಾಢದ ಬೆಂಗಳೂರಿನ ಆಕಾಶ ಒದ್ದೆ ಕಂಬಳಿಯಂತೆ ತಲೆಯ ಮೇಲೆ ಕೂತಿತ್ತು. ಅಂಕಮ್ಮ ಬೆಳಗಾಗುತ್ತಲೇ ಮಗುವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತು ಸೂರ್ಯನನ್ನು ಮೊದಲು ಕರೆದಳು, ಆಮೇಲೆ ಬೇಡಿದಳು, ಕೊನೆಗೆ ಬೈದಳು. ಒಮ್ಮೆ ಎದುರುಮನೆ ನಾಗಲಕ್ಷ್ಮಮ್ಮನವರ ತಾರಸಿಯ ಮೇಲೆ ಚೂರು ಬಿಸಿಲು ಬಿತ್ತು. ದೇವದಾಸ್ ಅವರಿಗೆ ಸರಿಯಾಗಿ ಕಾರಣವನ್ನೂ ಹೇಳದೆ ಅತ್ತೆಯನ್ನೂ ಮಗುವನ್ನೂ ಮೆಟ್ಟಿಲು ಹತ್ತಿಸಿದ. ಅವರು ಮೇಲೆ ಮುಟ್ಟುವಷ್ಟರಲ್ಲಿ ಬಿಸಿಲು ತಾರಸಿಯಿಂದ ಇಳಿದು ಸುಬ್ರಹ್ಮಣ್ಯಪುರದ ಕಡೆ ಹೊರಟುಹೋಗಿತ್ತು. ಅದರ ಹಿಂದೆಯೇ ಹೋಗೋಣವೆಂದು ಅವನು ಸ್ಕೂಟರನ್ನು ಆಚೆ ತಳ್ಳಿದಾಗ ಗಿರಿಜಾ ಬಾಗಿಲಿಗೆ ಅಡ್ಡ ನಿಂತಳು. ಈ ಥಂಡಿ ಗಾಳಿಯಲ್ಲಿ ಹಸುಗೂಸನ್ನು ಸ್ಕೂಟರಿನಲ್ಲಿ ಸುತ್ತಿಸಿದರೆ ಕಾಮಾಲೆಯ ಜೊತೆಗೆ ನೆಗಡಿಯೂ ಬರುತ್ತದೆ, ಬೇಕಾದರೆ ನೀವೊಬ್ಬರೇ ಹೋಗಿ ಸೂರ್ಯನನ್ನು ಮಾತಾಡಿಸಿಕೊಂಡು ಬನ್ನಿ ಎಂದಳು. ಅಷ್ಟು ಹೇಳಿ ಮಗುವಿನ ಅಂಗಾಲು ಕೆರೆದು, ಎಬ್ಬಿಸಿ, ಹಾಲಿಗೆ ಹಿಡಿದಳು. ಅವಳು ಹಗಲಿಡೀ ಮಾಡುತ್ತಿದ್ದದ್ದು ಅದೊಂದೇ ಕೆಲಸ. ಯಾರ ಕಣ್ಣಿಗೂ ಅದು ಕೆಲಸದಂತೆ ಕಾಣುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಮೋಡ ಇನ್ನಷ್ಟು ಕಪ್ಪಾಯಿತು. ದೇವದಾಸನ ತಾಳ್ಮೆ ಮುಗಿಯಿತು. ಆಷಾಢವಾದ್ದರಿಂದ ಮದುವೆಗಳಿಲ್ಲದೆ ಅವನ ಸಾಮಾನೆಲ್ಲ ಹಿತ್ತಲಿನ ಶೆಡ್ಡಿನಲ್ಲಿ ನಿದ್ದೆ ಹೋಗಿತ್ತು. ಅದನ್ನೆಲ್ಲ ಎಬ್ಬಿಸಿ ನಡುಮನೆಗೆ ತಂದ. ಬಿದಿರಿನ ಗಳಕ್ಕೆ ಸಾಲಾಗಿ ಟ್ಯೂಬ್‌ಲೈಟು ಕಟ್ಟಿದ. ನಾಟಕಕ್ಕೆ ಬಳಸುವ ನೀಲಿ ಕಾಗದ ಸುತ್ತಿದ. ಸಾಲದೆಂದು ಆಚೆಗೊಂದು ಈಚೆಗೊಂದು ಫೋಕಸ್ ಲೈಟು ನಿಲ್ಲಿಸಿದ. ಆಸ್ಪತ್ರೆಯವರು ಇಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಆದರೆ ಕಸುಬಿನ ಕೈ ಒಮ್ಮೆ ಹೊರಟರೆ ನಿಲ್ಲುವುದುಂಟೇ! ಗೋಡೆಯ ಮೇಲಿನ ಬುದ್ಧನ ಪಟಕ್ಕೊಂದು ಮಾಲೆ, ಬಾಗಿಲ ಚೌಕಟ್ಟಿಗೊಂದು ಮಾಲೆ, ಮಿಕ್ಕ ತಂತಿ ಹಾಳಾಗಬಾರದೆಂದು ಗೇಟಿನವರೆಗೂ ಒಂದು ಮಾಲೆ ಎಳೆದ. ಗೇಟಿನ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದ ದೀಪದ ಬೋರ್ಡಿನ ತಂತಿಯೂ ಅದೇ ಗುಂಪಿನಲ್ಲಿ ಸೇರಿಕೊಂಡದ್ದು ಅವನಿಗೆ ಗೊತ್ತಾಗಲಿಲ್ಲ. ಸ್ವಿಚ್ ಹಾಕಿದಾಗ ಒಳಗೆ ನಡುಮನೆ ಸಮುದ್ರದ ತಳದಂತೆ ನೀಲಿಯಾಯಿತು. ಹೊರಗೆ ಬೋರ್ಡು ಕೆಂಪು ಹಸಿರಿನಲ್ಲಿ 'ಸುಸ್ವಾಗತ, ಸುಸ್ವಾಗತ' ಎಂದು ಕಣ್ಣು ಮಿಟುಕಿಸತೊಡಗಿತು.

ಗಿರಿಜಾ ಮಗುವನ್ನು ಅವಚಿಕೊಂಡು ಬಂದು ಆ ವೈಭವವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಫೋಕಸ್ ಲೈಟಿನ ಮುಂದೆ ಕೈ ಹಿಡಿದು, ಚುರ್ರೆಂದ ಮೇಲೆ ಹಿಂದಕ್ಕೆಳೆದುಕೊಂಡಳು.

"ನನ್ನ ಮಗೂನ ಇದರ ಕೆಳಗೆ ನಾನು ಮಲಗಿಸಲ್ಲ" ಎಂದಳು. "ಮೊದ್ಲು ನೀವು ಮಲಗಿ. ಬೇಯ್ದೆ ಎದ್ದು ಬಂದ್ರೆ ಆಮೇಲೆ ಮಾತಾಡೋಣ."

ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಕಮ್ಮನೂ ಮಗಳ ಹಿಂದೆಯೇ ಹೋದಳು. ಸವಾಲಿಗೆ ಬೆನ್ನು ತೋರಿಸುವ ವಂಶ ದೇವದಾಸನದಲ್ಲ. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಬಟ್ಟೆ ಬಿಚ್ಚಿ, ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸುತ್ತಾರೆಂದು ನರ್ಸನ್ನು ಕೇಳಿ ತಿಳಿದುಕೊಂಡಿದ್ದ. ಅದರಂತೆ ಅಂಗಿ, ಬನಿಯನ್ನು, ಪಂಚೆ ಎಲ್ಲ ತ್ಯಜಿಸಿ, ಚಡ್ಡಿಯೊಂದನ್ನು ಮಾತ್ರ ಮಾನಕ್ಕೆಂದು ಉಳಿಸಿಕೊಂಡು, ಕಣ್ಣಿಗೆ ಕರವಸ್ತ್ರ ಬಿಗಿದು, ಚಾಪೆಯ ಮೇಲೆ ಅಂಗಾತ ಮಲಗಿದ.

ಇತ್ತ ಬೀದಿಯಲ್ಲಿ ಬೇರೆಯೇ ಕಥೆ. ಇಳಿಹೊತ್ತಿನ ಮಬ್ಬಿನಲ್ಲಿ ದೇವದಾಸನ ಮನೆ ಅರಮನೆಯಂತೆ ಝಗಝಗಿಸುತ್ತಿದ್ದದ್ದನ್ನು ನಾಗಲಕ್ಷ್ಮಮ್ಮ ಕಿಟಕಿಯಿಂದ ನೋಡಿದರು. ನಾಮಕರಣ! ಅದೂ ಆಷಾಢದಲ್ಲಿ! ಅದೂ ಎದುರುಮನೆಯ ತನ್ನನ್ನು ಕರೆಯದೆ! ಸಿಟ್ಟು ಒಂದು ಕಡೆ, ಕುತೂಹಲ ಒಂದು ಕಡೆ ಎಳೆದು ಕುತೂಹಲವೇ ಗೆದ್ದಿತು. ಕರೆಯದಿದ್ದರೆ ಏನಂತೆ, ಬೋರ್ಡೇ ಕರೆಯುತ್ತಿದೆಯಲ್ಲ ಎಂದು ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಅರಿಶಿನ ಕುಂಕುಮ, ಒಂದು ಉಲ್ಲನ್ ಟೋಪಿ, ಒಂದು ಬೇಬಿ ಪೌಡರ್ ಡಬ್ಬಿ ಇಟ್ಟುಕೊಂಡು ಹೊರಟರು. ಬೋರ್ಡು ನೋಡಿ ಅಕ್ಕಪಕ್ಕದ ಹೆಂಗಸರೂ ರೇಷ್ಮೆ ಉಟ್ಟು ಸೇರಿಕೊಂಡರು. ವಾಕಿಂಗಿಗೆ ಹೊರಟಿದ್ದ ನಿವೃತ್ತ ಮೇಷ್ಟ್ರು ಚಕ್ರಪಾಣಿಯವರು, ಶುಭಕಾರ್ಯವೆಂದು ಕೇಳಿ ಕೋಲಿನ ದಿಕ್ಕು ಬದಲಾಯಿಸಿದರು.

ಬಾಗಿಲು ತೆರೆದೇ ಇತ್ತು. ನಗುನಗುತ್ತ ಒಳಗೆ ಕಾಲಿಟ್ಟ ನಾಗಲಕ್ಷ್ಮಮ್ಮ ಅಲ್ಲೇ ಕಂಬವಾದರು. ತೊಟ್ಟಿಲಿಲ್ಲ, ಮಗುವಿಲ್ಲ. ನಡುಮನೆಯ ನಟ್ಟನಡುವೆ ನೀಲಿಗಟ್ಟಿದ ಒಂದು ದೊಡ್ಡ ದೇಹ, ಕಣ್ಣಿಗೆ ಬಟ್ಟೆ, ಸುತ್ತ ದೀಪ. ಚಕ್ರಪಾಣಿಯವರು ಒಂದು ಗಳಿಗೆ ನೋಡಿ, ಮೆಲ್ಲಗೆ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

ಕಾಲಸಪ್ಪಳ ಕೇಳಿ ದೇಹ ಮಾತಾಡಿತು. "ಬಂದ್ಯಾ ಗಿರಿಜಾ? ಈ ಕಡೆ ಆಗಿದೆ. ಸ್ವಲ್ಪ ತಿರುವಿ ಹಾಕು."

ನಾಗಲಕ್ಷ್ಮಮ್ಮನವರ ಕೈಯಿಂದ ತಟ್ಟೆ ಬಿತ್ತು. ಅವರ ಚೀರಾಟಕ್ಕೆ ದೇವದಾಸ್ ಕಣ್ಣಿನ ಬಟ್ಟೆ ಕಿತ್ತು ನೋಡುತ್ತಾನೆ, ಇಡೀ ಬೀದಿಯ ಹೆಂಗಸರು ರೇಷ್ಮೆ ಸೀರೆಯಲ್ಲಿ ಅವನನ್ನೇ ನೋಡುತ್ತಿದ್ದಾರೆ! ಪಂಚೆಗಾಗಿ ನೆಗೆದವನ ಕಾಲಿಗೆ ತಂತಿ ಸಿಕ್ಕಿತು. ಗಳ ವಾಲಿತು, ಟ್ಯೂಬ್‌ಲೈಟುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಎಲ್ಲೋ ಫಟ್ ಎಂದಿತು. ಅದಕ್ಕೆ ಉತ್ತರವಾಗಿ ಬೀದಿಯ ಕೊನೆಯ ಕಂಬದ ಮೇಲೆ ಫಡಾರ್ ಎಂದಿತು. ಬೀದಿಗೆ ಬೀದಿಯೇ ಆರಿಹೋಯಿತು.

ಮೂಲೆಯ ಹಿಟ್ಟಿನ ಗಿರಣಿ ಅರ್ಧ ಬೀಸಿದ ರಾಗಿಯ ಮೇಲೆ ಉಸಿರು ಬಿಟ್ಟು ನಿಂತಿತು. ರೇಡಿಯೋಗಳು ವಾಕ್ಯದ ನಡುವೆ ಬಾಯಿ ಮುಚ್ಚಿದವು. ಜನ ಮನೆಗಳಿಂದ ಹೊರಬಂದು, ಇದು ಯಾರ ಪ್ರತಾಪವೆಂದು ಹುಡುಕುವ ಕಷ್ಟವಿಲ್ಲದೆ, ನೇರವಾಗಿ ದೇವದಾಸನ ಗೇಟಿಗೆ ಬಂದರು. ಅವನು ಪಂಚೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಜಗಲಿಯ ಮೇಲೆ ನಿಂತಿದ್ದ. ಗಿರಣಿಯವನು ಬೈಗುಳದ ಮೊದಲನೇ ಪದವನ್ನು ಹುಡುಕಿಕೊಳ್ಳುವಷ್ಟರಲ್ಲಿ ಗಿರಿಜಾ ಮಗುವಿನೊಂದಿಗೆ ಹೊರಗೆ ಬಂದಳು.

"ಮಗೂಗೆ ಕಾಮಾಲೆ ಆಗಿದೆ ಅಣ್ಣ" ಎಂದಳು. "ಬಿಸಿಲು ತೋರ್ಸಿ ಅಂದ್ರು ಡಾಕ್ಟ್ರು. ಬಿಸಿಲೇ ಇಲ್ಲ. ಅದಕ್ಕೇ ಇವರು ಹೀಗಾಗಿದ್ದಾರೆ."

ಗುಂಪು ತಣ್ಣಗಾಯಿತು. ಎಲ್ಲರೂ ಬಗ್ಗಿ ಮಗುವಿನ ಮುಖ ನೋಡಿದರು. ಮೊದಲೇ ಹೇಳಬಾರದಿತ್ತೇ, ನನ್ನ ತಾರಸಿ ಇರುವುದು ಯಾತಕ್ಕೆ ಎಂದು ನಾಗಲಕ್ಷ್ಮಮ್ಮ ಅವನನ್ನು ಗದರಿದರು. ತಮ್ಮ ತಮ್ಮ ಮಕ್ಕಳೂ ಹೀಗೇ ಹಳದಿಯಾಗಿ ಆಮೇಲೆ ಕೆಂಪಗಾದದ್ದನ್ನು ಹೆಂಗಸರು ಒಬ್ಬೊಬ್ಬರಾಗಿ ಹೇಳತೊಡಗಿದರು. ದೇವದಾಸ್ ಆ ಒಂದೊಂದು ಮಾತನ್ನೂ ಬಾಯಾರಿದವನು ನೀರು ಕುಡಿಯುವಂತೆ ಕುಡಿದ. ಬದುಕಿದ ಹಳದಿ ಮಕ್ಕಳ ಕಥೆಯನ್ನು ಅವನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಹಾಗೆ ಎಲ್ಲರೂ ಬೀದಿಯಲ್ಲಿ ನಿಂತಿದ್ದಾಗ ಮೋಡ ಒಡೆಯಿತು. ಸಂಜೆಯ ಇಳಿಬಿಸಿಲು ಮರಗಳ ಸಂದಿಯಿಂದ ಬಂದು ರಸ್ತೆಯ ನಡುಮಧ್ಯೆ ಒಂದು ಕಂಬಳಿಯಷ್ಟಗಲ ಬಿತ್ತು. ಯಾರೋ ಚಾಪೆ ತಂದರು. ಅಂಕಮ್ಮ ಕಾಲು ನೀಡಿ ಕೂತು ಮಗುವಿನ ಬಟ್ಟೆ ಬಿಚ್ಚಿದಳು. ಗಾಳಿ ತಗುಲದಂತೆ ಹೆಂಗಸರು ರೇಷ್ಮೆ ಸೆರಗು ಹರಡಿ ಸುತ್ತ ನಿಂತರು. ಚಕ್ರಪಾಣಿಯವರು ಕೋಲು ಅಡ್ಡ ಹಿಡಿದು ಬರುವ ಆಟೋಗಳನ್ನು ತಡೆದರು. ಗಿರಣಿಯವನ ನೆರಳು ಮಗುವಿನ ಮೇಲೆ ಬಿದ್ದಾಗ ಎಲ್ಲರೂ ಅವನನ್ನು ಬೈದರು, ಅವನು ಕರೆಂಟಿನ ಸಿಟ್ಟು ಮರೆತು ಪಕ್ಕಕ್ಕೆ ಸರಿದ. ದೀಪದ ದೊರೆಗೆ ಮಾತ್ರ ಅಲ್ಲಿ ಮಾಡಲು ಏನೂ ಇರಲಿಲ್ಲ. ಕಂಬ ಹತ್ತಿದ ಲೈನ್‌ಮನ್ ಮೇಲಿನಿಂದ ಬೈಯುವುದನ್ನು ಅವನು ಕೆಳಗೆ ನಿಂತು ಕತ್ತೆತ್ತಿ ಕೇಳಿಸಿಕೊಂಡ.

ಗುರುವಾರವೂ ಶುಕ್ರವಾರವೂ ಬೆಳಿಗ್ಗೆ ತಾರಸಿಯ ಮೇಲೆ ಒಂದಿಷ್ಟು ಬಿಸಿಲು ಸಿಕ್ಕಿತು. ಶುಕ್ರವಾರ ನರ್ಸಿಂಗ್ ಹೋಮಿನಲ್ಲಿ ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಮಗು ಕಿರುಚಿತು. ದೇವದಾಸ್ ಗೋಡೆ ಹಿಡಿದುಕೊಂಡ. ರಿಪೋರ್ಟು ಬರುವವರೆಗೆ ಅವನು ಕಾರಿಡಾರಿನಲ್ಲಿ ನಡೆದ ದೂರವನ್ನು ನೆಟ್ಟಗೆ ನಡೆದಿದ್ದರೆ ಬೇಗೂರು ಮುಟ್ಟುತ್ತಿದ್ದ.

ಸೀತಾಲಕ್ಷ್ಮಿಯವರು ರಿಪೋರ್ಟು ನೋಡಿದರು, ಮಗುವನ್ನು ತೂಗಿದರು, ಕಣ್ಣಿನ ರೆಪ್ಪೆ ಬಿಡಿಸಿದರು. ಆಮೇಲೆ ನಕ್ಕರು. ಕಾಮಾಲೆ ಚೆನ್ನಾಗಿ ಇಳಿದಿದೆ, ನೀಲಿ ದೀಪದ ಅವಶ್ಯಕತೆಯೇ ಇಲ್ಲ ಎಂದರು. ತಾಯಿ ಬಿಡದೆ ಹಾಲು ಕುಡಿಸಿದ್ದಾಳೆ, ಹಳದಿಯೆಲ್ಲ ಮಲಮೂತ್ರದಲ್ಲಿ ಹೋಗುತ್ತಿದೆ, ಬಹುಪಾಲು ಕೆಲಸ ಮಾಡಿದ್ದು ಅದೇ, ಬಿಸಿಲಿಗಿಂತ ಅದು ದೊಡ್ಡದು ಎಂದು ಗಿರಿಜಾಳ ಬೆನ್ನು ತಟ್ಟಿದರು.

ದೇವದಾಸ್ ಏನೋ ಹೇಳಲು ಬಾಯಿ ತೆರೆದ. ಇಷ್ಟು ದಿನ ಅವನನ್ನು ನೆಟ್ಟಗೆ ನಿಲ್ಲಿಸಿದ್ದ ಹೆದರಿಕೆ ಒಂದೇ ಸಲಕ್ಕೆ ಹೊರಟುಹೋಗಿತ್ತು. ಅದು ಹೋದ ಮೇಲೆ ನೋಡಿದರೆ ಒಳಗೆ ಬೇರೇನೂ ಇರಲಿಲ್ಲ, ಅನ್ನವೂ ಇಲ್ಲ, ನಿದ್ದೆಯೂ ಇಲ್ಲ. ಡಾಕ್ಟರ ಮುಖ ಎರಡಾಯಿತು, ಕಿಟಕಿ ವಾಲಿತು, ಊರಿಗೆ ಬೆಳಕು ಕೊಡುವವನಿಗೆ ಕಣ್ಣಿಗೆ ಕತ್ತಲೆ ಬಂತು.

ಎಚ್ಚರವಾದಾಗ ಅವನು ಹೆರಿಗೆ ವಾರ್ಡಿನ ಎತ್ತರದ ಮಂಚದ ಮೇಲೆ ಮಲಗಿದ್ದ. ನರ್ಸು ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ಪಕ್ಕದ ಮಂಚಗಳ ಬಾಣಂತಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಬಾಗಿಲ ಬಳಿ ಗಿರಿಜಾ ಮಗುವನ್ನೆತ್ತಿಕೊಂಡು ಅಳುತ್ತಲೂ ನಗುತ್ತಲೂ ನಿಂತಿದ್ದಳು. ಸೀತಾಲಕ್ಷ್ಮಿಯವರು ಅವನ ನಾಡಿ ಹಿಡಿದು ನೋಡಿ ಅವಳ ಕಡೆ ತಿರುಗಿದರು.

"ಮಗೂನ ಧೈರ್ಯವಾಗಿ ಮನೆಗೆ ಕರ್ಕೊಂಡು ಹೋಗಮ್ಮ. ಇವರನ್ನ ಮಾತ್ರ ಸಂಜೆವರೆಗೂ ಇಲ್ಲೇ ಬಿಟ್ಟಿರು."