ಹಿರಿಯರಿಗೆ ಒಂದು ಸ್ಟೈಲು

ಜಾವಗಲ್ ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿ ಇಟ್ಟಿರುವ ಚನ್ನೇಶ ಊರಿನವರಿಗೆಲ್ಲ ಲಗ್ನಪತ್ರಿಕೆ ಮಾಡಿಕೊಟ್ಟಿದ್ದ. ಮೂವತ್ನಾಲ್ಕನೇ ವಯಸ್ಸಿಗೆ ತನ್ನದೇ ಪತ್ರಿಕೆ ಮಾಡುವ ಭಾಗ್ಯ ಬಂತು. ಅರಸೀಕೆರೆಯ ಪುಷ್ಪಲತಾ ಒಪ್ಪಿದ್ದಳು, ಛತ್ರ ಗೊತ್ತಾಗಿತ್ತು, ಇನ್ನು ಮೂರೇ ವಾರ. ಆ ಖುಷಿಯಲ್ಲಿ ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ ಕೂತು, ಹೊಸದಾಗಿ ಕಲಿತ ವಿದ್ಯೆಯೊಂದನ್ನು ಹೊರತೆಗೆದ.

ವಿದ್ಯೆ ಇಷ್ಟೇ. ಒಂದೊಂದು ಹೆಸರಿಗೂ ಬೇರೆಬೇರೆಯಾಗಿ ಅಕ್ಷರದ ಅಳತೆ ಕೊಡುವ ಬದಲು ಒಂದು ಸ್ಟೈಲ್ ಮಾಡಿಟ್ಟುಕೊಂಡರೆ, ಅದನ್ನೊಮ್ಮೆ ತಿದ್ದಿದರೆ ಸಾಕು, ಆ ಸ್ಟೈಲಿನವೆಲ್ಲ ತಾವಾಗಿಯೇ ಬದಲಾಗುತ್ತವೆ. ಹೆತ್ತವರ ಜಾಗದಲ್ಲಿ ನಿಂತು ಮದುವೆಗೆ ಕರೆಯುವ ದೊಡ್ಡಪ್ಪ, ಸೋದರಮಾವ ದಂಪತಿಗಳ ಹೆಸರಿಗೆ ‘ಹಿರಿಯರು’ ಅಂತ ಒಂದು ಸ್ಟೈಲ್ ಮಾಡಿದ, ಮಿಕ್ಕಿದ್ದಕ್ಕೆಲ್ಲ ‘ಇತರೆ’. ತನಗೂ ಪುಷ್ಪಲತಾಳಿಗೂ ಹೂಬಳ್ಳಿ ಹಾಕಿ ನಿಧಾನವಾಗಿ ಬೇರೆಯದೇ ಮಾಡೋಣವೆಂದು ಸದ್ಯಕ್ಕೆ ಇಬ್ಬರನ್ನೂ ‘ಇತರೆ’ಯಲ್ಲಿಟ್ಟ.

ಹತ್ತು ಗಂಟೆಗೆ ದೊಡ್ಡಪ್ಪ ಷಡಕ್ಷರಪ್ಪ ಬಂದರು. ಸೋದರಮಾವ ಗಂಗಾಧರಪ್ಪನ ಹೆಸರು ತಮ್ಮದರಷ್ಟೇ ದಪ್ಪ ಇರುವುದು ಅವರ ಕಣ್ಣಿಗೆ ಚುಚ್ಚಿತು.

“ನಂದು ಒಂದು ನೂಲು ದಪ್ಪ ಇರ್ಲಿ ಕಣೋ. ಇಲ್ದಿದ್ರೆ ಧಾರೆಗೆ ನಾನು ಬರಲ್ಲ.”

ಚನ್ನೇಶ ‘ಹಿರಿಯರು’ ಸ್ಟೈಲನ್ನು ಹದಿನಾರರಿಂದ ಇಪ್ಪತ್ತಕ್ಕೆ ಏರಿಸಿದ. ಇಬ್ಬರೂ ಒಟ್ಟಿಗೆ ಉಬ್ಬಿದರು. ದೊಡ್ಡಪ್ಪ ತಮ್ಮ ಹೆಸರನ್ನಷ್ಟೇ ನೋಡಿ ತೃಪ್ತರಾಗಿ ಕಾಫಿಗೆ ಹೋದರು.

ಹನ್ನೊಂದಕ್ಕೆ ಸೋದರಮಾವ ಬಂದು ಅದೇ ಬೇಡಿಕೆ, ಅದೇ ಬೆದರಿಕೆ ಮುಂದಿಟ್ಟರು. ಸ್ಟೈಲು ಇಪ್ಪತ್ತಾರಾಯಿತು. ಹಾಳೆ ತುಂಬಿ ಹೊರಗೆ ಹರಿಯಿತು. ಚನ್ನೇಶ ‘ಇತರೆ’ಯನ್ನು ಎಂಟಕ್ಕೆ ಇಳಿಸಿ ಒಳಗೆ ತುರುಕಿದ. ಅಷ್ಟರಲ್ಲಿ ದೊಡ್ಡಮ್ಮ ಸುವರ್ಣಮ್ಮ ಬಂದು, ಕನ್ನಡಕವಿಲ್ಲದೆ ತಮ್ಮ ಹೆಸರು ಓದಲಾಗುತ್ತಿಲ್ಲವೆಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ‘ಹಿರಿಯರು’ ಮೂವತ್ತಾರು, ‘ಇತರೆ’ ನಾಲ್ಕು.

ಮಧ್ಯಾಹ್ನ ‘ಶುಭ ವಿವಾಹ’ ಎಂದು ಚಿನ್ನದಕ್ಷರ ಅಚ್ಚಾಗಿಯೇ ಬರುವ ಕಾರ್ಡುಗಳ ಮೇಲೆ ಮುನ್ನೂರು ಪ್ರತಿ ಹೊರಬಂದವು. ಹಿರಿಯರು ಒಂದೊಂದು ಕಟ್ಟು ಕಂಕುಳಲ್ಲಿಟ್ಟುಕೊಂಡು ಹಂಚಲು ಹೊರಟರು. ದೊಡ್ಡಪ್ಪ, ಮಾವ ಎರಡೂ ಮನೆಯವರನ್ನು ಒಂದೇ ಸ್ಟೈಲಿನಲ್ಲಿ ಒಲಿಸಿಕೊಂಡೆನೆಂದು ಚನ್ನೇಶ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ.

ನಾಲ್ಕಕ್ಕೆ ಪುಷ್ಪಲತಾ ಫೋನ್ ಮಾಡಿದಳು.

“ನಿಮ್ಮ ದೊಡ್ಡಪ್ಪ ಕಾರ್ಡಿನ ಫೋಟೋ ಕಳ್ಸಿದಾರೆ. ಮಧ್ಯದಲ್ಲಿ ಏನೋ ಧೂಳು ಅಂತ ಮೊಬೈಲ್ ಒರೆಸ್ದೆ. ಆಮೇಲೆ ಗೊತ್ತಾಯ್ತು, ಅದು ನಾವಿಬ್ರೂ.”

ಚನ್ನೇಶ ಕಂಪ್ಯೂಟರ್ ನೋಡಿದ, ಇಬ್ಬರೂ ಇನ್ನೂ ‘ಇತರೆ’ಯಲ್ಲೇ ಇದ್ದರು. ತಾನೂ ಹಿರಿಯರ ಹೆಸರನ್ನಷ್ಟೇ ನೋಡಿ ಪ್ರಿಂಟ್ ಒತ್ತಿದ್ದ. ಕಾರ್ಡುಗಳನ್ನು ವಾಪಸು ತರಲು ಚಪ್ಪಲಿ ಮೆಟ್ಟಿದ. ಬಾಗಿಲಲ್ಲೇ ದೊಡ್ಡಪ್ಪ, ಮಾವ ಸಿಕ್ಕಿದರು. ಇಬ್ಬರ ಕೊರಳಲ್ಲೂ ಹಾರ, ಹೆಗಲಲ್ಲಿ ಶಾಲು. ಎಂದೂ ಒಟ್ಟಿಗೆ ನಡೆಯದವರು ಕೈಕೈ ಹಿಡಿದಿದ್ದರು.

ಶುಭ ವಿವಾಹದ ಕೆಳಗೆ ಎರಡು ಜೋಡಿಗಳ ದಪ್ಪ ಹೆಸರು ಕಂಡ ಊರು, ಇಬ್ಬರದ್ದೂ ಅರವತ್ತರ ಮದುವೆಯೆಂದುಕೊಂಡು ಸಂತೆಯಲ್ಲೇ ಸನ್ಮಾನ ಮಾಡಿ ಕಳಿಸಿತ್ತು. ಇಬ್ಬರಿಗೂ ಅರವತ್ತು ತುಂಬುತ್ತಿದ್ದುದೂ ನಿಜವೇ.

ದೊಡ್ಡಪ್ಪ ನಾಚಿಕೊಂಡು ಹೇಳಿದರು: “ಅಷ್ಟು ಜನ ಹರಸ್ತಿದ್ರು, ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಛತ್ರ ಹೆಂಗೂ ಐತೆ. ಅವತ್ತು ನಮ್ದು ಮುಗಿಸ್ಕೊಂಡ್ಬಿಡಾನ. ನಿಂದು ಮುಂದಿನ ಲಗ್ನಕ್ಕೆ ನೋಡಾನ.”

ಚನ್ನೇಶ ಚಪ್ಪಲಿ ಬಿಟ್ಟು ಮತ್ತೆ ಕುರ್ಚಿಯಲ್ಲಿ ಕೂತ. ಮಾವ ಅವನ ಕಿವಿಯ ಹತ್ತಿರ ಬಗ್ಗಿದರು.

“ನಿನ್ನ ಕಾರ್ಡು ಮಾಡುವಾಗ ನನ್ನ ಹೆಸರು ಮಾತ್ರ ಇನ್ನೊಂದು ನೂಲು ದಪ್ಪ ಮಾಡಪ್ಪ.”